ದುಬೈಯಲ್ಲಿ ಜೈಲು ಮುಗಿಸಿ ಬಂದವರಿಗೆ ಊರಲ್ಲಿ ಮತ್ತೆ ಕೇಸಾ?

2025ರ ಏಪ್ರಿಲ್ 10ರಂದು ತಹವ್ವುರ್ ರಾಣಾನನ್ನು ಅಮೆರಿಕದಿಂದ ದೆಹಲಿಗೆ ಕರೆತಂದರು. 2008ರ ಮುಂಬೈ ದಾಳಿಗೆ ನೆರವಾದ ಆರೋಪದಿಂದ ಷಿಕಾಗೋದ ಜ್ಯೂರಿ (ಕೋರ್ಟಿನಲ್ಲಿ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ) ಅವನನ್ನು 2011ರಲ್ಲೇ ಬಿಟ್ಟಿತ್ತು. ಹಾಗಿದ್ದೂ ಅದೇ ದಾಳಿಯ ಕೇಸಿಗೆ ಇಲ್ಲಿಗೆ ಹೇಗೆ ತಂದರು? ಒಮ್ಮೆ ಖುಲಾಸೆಯಾದರೆ ಮುಗಿಯಿತು ಅಲ್ವಾ?

ಮಂಗಳೂರು, ಉಡುಪಿ ಕಡೆಯವರಿಗೆ ಇದು ದೂರದ ಪ್ರಶ್ನೆ ಅಲ್ಲ. ಗಲ್ಫ್‌ನಲ್ಲಿ ಒಬ್ಬರಾದರೂ ಇರುವ ಮನೆಗಳು ಇಲ್ಲಿ ಲೆಕ್ಕವಿಲ್ಲದಷ್ಟು. ಅಲ್ಲಿ ಕೇಸಾಗಿ ಶಿಕ್ಷೆ ಮುಗಿಸಿ ಬಂದವರು, ಕೇಸಾಗುವ ಮೊದಲೇ ವಿಮಾನ ಹತ್ತಿದವರು, ಬಜ್ಪೆಯಲ್ಲಿ ಇಳಿಯುವಾಗ ಚಿನ್ನದ ಸಮೇತ ಸಿಕ್ಕಿಬಿದ್ದವರು ಎಲ್ಲರೂ ಇದ್ದಾರೆ. ಭೂಗತ ಲೋಕದ ಕೇಸುಗಳಲ್ಲಿ ಬೇಕಾಗಿದ್ದ ಬನ್ನಂಜೆ ರಾಜನನ್ನು 2015ರಲ್ಲಿ ಮೊರಾಕೊದಿಂದ ತಂದರು. ಮಲ್ಪೆ ಮೂಲದ ರವಿ ಪೂಜಾರಿಯನ್ನು 2020ರಲ್ಲಿ ಸೆನೆಗಲ್‌ನಿಂದ ತಂದರು. ಆಗಲೂ ಇಲ್ಲಿನ ಅಂಗಡಿ ಕಟ್ಟೆಗಳಲ್ಲಿ ಇದೇ ಮಾತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷೆ ಇಲ್ಲ ಎನ್ನುವ ನಿಯಮ ಒಂದು ದೇಶದ ಒಳಗೆ ಗಟ್ಟಿ. ಗಡಿ ದಾಟಿದ ಮೇಲೆ ಅದರ ಬಲ ಎಷ್ಟು ಅನ್ನುವುದನ್ನು ಬಹುಮಟ್ಟಿಗೆ ಆ ಎರಡು ದೇಶಗಳ ನಡುವಿನ ಒಪ್ಪಂದದ ಪದಗಳು ತೀರ್ಮಾನಿಸುತ್ತವೆ.

ನಮ್ಮ ಸಂವಿಧಾನದಲ್ಲಿ ಏನಿದೆ

ಈ ನಿಯಮಕ್ಕೆ ಕೋರ್ಟಿನಲ್ಲಿ ಎಲ್ಲರೂ ಹೇಳುವುದು ಡಬಲ್ ಜೆಪರ್ಡಿ ಅಂತಲೇ. ನಮ್ಮ ಸಂವಿಧಾನದ 20(2)ನೇ ವಿಧಿ ಇದನ್ನು ಮೂಲಭೂತ ಹಕ್ಕಾಗಿ ಕೊಟ್ಟಿದೆ. ಒಂದೇ ಅಪರಾಧಕ್ಕಾಗಿ ಯಾರನ್ನೂ ಒಂದಕ್ಕಿಂತ ಹೆಚ್ಚು ಸಲ ವಿಚಾರಣೆಗೆ ಗುರಿಮಾಡಿ ಶಿಕ್ಷಿಸುವಂತಿಲ್ಲ. ವಿಚಾರಣೆಯೂ ಆಗಿರಬೇಕು, ಶಿಕ್ಷೆಯೂ ಆಗಿರಬೇಕು. ಎರಡೂ ಆಗಿದ್ದರೆ ಮಾತ್ರ ಈ ವಿಧಿ ನೆರವಿಗೆ ಬರುತ್ತದೆ.

ಹಾಗಾದರೆ ಖುಲಾಸೆಯಾದವರ ಗತಿ? ಅವರಿಗೆ ರಕ್ಷಣೆ ಕೊಡುವುದು ಸಂವಿಧಾನ ಅಲ್ಲ, ಕ್ರಿಮಿನಲ್ ಪ್ರಕ್ರಿಯೆಯ ಕಾನೂನು. ಮೊದಲು ಸಿಆರ್‌ಪಿಸಿಯ 300ನೇ ಸೆಕ್ಷನ್ ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 337ನೇ ಸೆಕ್ಷನ್. ಅಧಿಕಾರ ಇರುವ ಕೋರ್ಟು ವಿಚಾರಣೆ ನಡೆಸಿ ಶಿಕ್ಷೆ ಕೊಟ್ಟಿರಲಿ, ಬಿಟ್ಟಿರಲಿ, ಆ ತೀರ್ಪು ಊರ್ಜಿತದಲ್ಲಿ ಇರುವವರೆಗೆ ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಇಲ್ಲ.

ಆದರೆ ಅದರ ಒಳಗೇ ಒಂದು ಬಾಗಿಲು ತೆರೆದಿದೆ. ಅದೇ ಕೃತ್ಯದಿಂದ ಇನ್ನೊಂದು ಅಪರಾಧವೂ ಆಗಿದ್ದು, ಅದನ್ನು ವಿಚಾರಿಸುವ ಅಧಿಕಾರ ಮೊದಲ ಕೋರ್ಟಿಗೆ ಇರಲಿಲ್ಲವಾದರೆ ಎರಡನೇ ಕೇಸು ಹಾಕಬಹುದು. ಗಲ್ಫ್ ಕೇಸುಗಳಲ್ಲಿ ಈ ಬಾಗಿಲು ಮುಖ್ಯ. ನಮ್ಮ ಪಾಸ್‌ಪೋರ್ಟ್ ಕಾಯ್ದೆಯ ಅಪರಾಧವನ್ನು ದುಬೈ ಕೋರ್ಟು ಹೇಗೆ ವಿಚಾರಿಸುತ್ತದೆ ಹೇಳಿ?

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಯಲಿ. ಸೆಷನ್ಸ್ ಕೋರ್ಟು ಬಿಟ್ಟವರ ಮೇಲೆ ಸರಕಾರ ಹೈಕೋರ್ಟಿಗೆ ಹೋದರೆ ಅದು ಎರಡನೇ ವಿಚಾರಣೆ ಅಲ್ಲ. ನಮ್ಮಲ್ಲಿ ಮೇಲ್ಮನವಿ ಅಂದರೆ ಮೊದಲ ಕೇಸಿನದ್ದೇ ಮುಂದುವರಿಕೆ.

ಚಿನ್ನವೂ ಹೋಯಿತು, ಕೇಸೂ ಬಿತ್ತು

ವಿಮಾನ ನಿಲ್ದಾಣದಲ್ಲಿ ಚಿನ್ನ ಹಿಡಿದ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸತಲ್ಲ. ಬೆಲ್ಟಿನ ಬಕಲ್ಲಿನಲ್ಲಿ, ಮಿಕ್ಸಿಯ ಮೋಟರಿನಲ್ಲಿ, ಪೇಸ್ಟು ಮಾಡಿ ಒಳಉಡುಪಿನಲ್ಲಿ. ಕಸ್ಟಮ್ಸ್‌ನವರು ಮಾಲು ಮುಟ್ಟುಗೋಲು ಹಾಕುತ್ತಾರೆ, ದಂಡವನ್ನೂ ಹಾಕುತ್ತಾರೆ. ಆಮೇಲೆ ಕೋರ್ಟಿನಲ್ಲಿ ಕೇಸು ಬಿದ್ದಾಗ 'ಚಿನ್ನ ಹೋದದ್ದೇ ಶಿಕ್ಷೆ, ಇನ್ನೊಂದು ಯಾಕೆ?' ಎನ್ನುವ ಸಂಕಟ.

ಸುಪ್ರೀಂ ಕೋರ್ಟು ಈ ಸಂಕಟಕ್ಕೆ 1953ರಲ್ಲೇ ಉತ್ತರ ಕೊಟ್ಟಿದೆ. ಮಕ್ಬೂಲ್ ಹುಸೇನ್ ಎನ್ನುವವರು 1949ರ ನವೆಂಬರಿನಲ್ಲಿ ಜೆಡ್ಡಾದಿಂದ ಬಂದು ಸಾಂತಾಕ್ರೂಜ್ ನಿಲ್ದಾಣದಲ್ಲಿ ಇಳಿದರು. ಘೋಷಿಸದ 107.2 ತೊಲ ಚಿನ್ನ ಅವರಲ್ಲಿ ಸಿಕ್ಕಿತು. ಕಸ್ಟಮ್ಸ್ ಅದನ್ನು ಮುಟ್ಟುಗೋಲು ಹಾಕಿತು. ಆಮೇಲೆ ವಿದೇಶಿ ವಿನಿಮಯ ಕಾನೂನಿನಡಿ ಕ್ರಿಮಿನಲ್ ಕೇಸು. ಅವರು 20(2)ನೇ ವಿಧಿ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ಕಸ್ಟಮ್ಸ್ ಅಧಿಕಾರಿ ನ್ಯಾಯಾಲಯ ಅಲ್ಲ, ಹಾಗಾಗಿ ಮೊದಲನೆಯದ್ದು ಈ ವಿಧಿ ಹೇಳುವ ವಿಚಾರಣೆಯೇ ಅಲ್ಲ ಅಂತ ಕೋರ್ಟು ಹೇಳಿತು.

ಇಲಾಖಾ ವಿಚಾರಣೆಗೂ ಇದೇ ಲೆಕ್ಕ. ಬ್ಯಾಂಕಿನವರು ಕೆಲಸದಿಂದ ತೆಗೆದ ಮೇಲೂ ಪೊಲೀಸ್ ಕೇಸು ನಡೆಯಬಹುದು.

ಕೃತ್ಯ ಒಂದೇ, ಅಪರಾಧ ಎರಡು

ಇಡೀ ವಿಷಯದ ಗಂಟು ಇರುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಬಿಚ್ಚೋಣ.

ಮಲ್ಪೆಯಿಂದ ಒಂದು ಬುಟ್ಟಿ ಬಂಗುಡೆ ತಂದಿರಿ ಅಂದುಕೊಳ್ಳಿ. ಅರ್ಧಕ್ಕೆ ತೆಂಗಿನಕಾಯಿ ಅರೆದು ಗಸಿ, ಇನ್ನರ್ಧಕ್ಕೆ ಹುಳಿ, ಮೆಣಸು ಜಾಸ್ತಿ ಹಾಕಿ ಪುಳಿಮುಂಚಿ. ಮೀನು ಒಂದೇ, ಬುಟ್ಟಿ ಒಂದೇ, ತಂದ ದಿನವೂ ಒಂದೇ. ಆದರೂ ಊಟಕ್ಕೆ ಕೂತವರು ಇವೆರಡನ್ನು ಒಂದೇ ಪದಾರ್ಥ ಅನ್ನುವುದಿಲ್ಲ, ಹಾಕಿದ ಸಾಮಾನು ಬೇರೆ. ಕೋರ್ಟುಗಳೂ ಹೀಗೆಯೇ ನೋಡುತ್ತವೆ. ನಡೆದ ಘಟನೆ ಒಂದೇ ಇರಬಹುದು. ಆದರೆ ಅಪರಾಧ ಸಾಬೀತಾಗಲು ಏನೇನು ಅಂಶ ಬೇಕು ಎನ್ನುವುದನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇದ್ದರೆ ಅವು ಎರಡು ಅಪರಾಧ.

ನಟಿ ಮೋನಿಕಾ ಬೇಡಿ ಕೇಸು ಇದಕ್ಕೆ ಒಳ್ಳೆಯ ಉದಾಹರಣೆ. ಸುಳ್ಳು ಹೆಸರಿನ ಪಾಸ್‌ಪೋರ್ಟಿನ ವಿಷಯದಲ್ಲಿ ಪೋರ್ಚುಗಲ್‌ನ ಲಿಸ್ಬನ್ ಕೋರ್ಟು ಅವರಿಗೆ ಶಿಕ್ಷೆ ಕೊಟ್ಟಿತ್ತು. ಭಾರತಕ್ಕೆ ತಂದ ಮೇಲೆ, ಸುಳ್ಳು ಹೆಸರಿನಲ್ಲಿ ಪಾಸ್‌ಪೋರ್ಟ್ ಮಾಡಿಸಿಕೊಳ್ಳಲು ಸಂಚು ನಡೆಸಿದ ಕೇಸು ಹೈದರಾಬಾದಿನಲ್ಲಿ ನಡೆಯಿತು. ಒಂದೇ ಪಾಸ್‌ಪೋರ್ಟಿಗೆ ಎರಡು ದೇಶದಲ್ಲಿ ಶಿಕ್ಷೆಯಾ ಅಂತ ಅವರು ಕೇಳಿದರು. ಅಲ್ಲಿ ಶಿಕ್ಷೆಯಾದದ್ದು ಇಟ್ಟುಕೊಂಡು ಬಳಸಿದ್ದಕ್ಕೆ, ಇಲ್ಲಿ ಕೇಸು ಮಾಡಿಸಿಕೊಂಡದ್ದಕ್ಕೆ, ಅಂಶಗಳು ಬೇರೆ ಅಂತ ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು. ತಪ್ಪಿತಸ್ಥೆ ಎನ್ನುವುದು ಉಳಿಯಿತು. ಆದರೆ ಶಿಕ್ಷೆಯನ್ನು ಆಗಲೇ ಜೈಲಿನಲ್ಲಿ ಕಳೆದ ಅವಧಿಗೆ ಇಳಿಸಿದರು. ಈ ಕೊನೆಯ ಭಾಗವನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಎರಡನೇ ಕೇಸು ನಡೆದೇ ನಡೆಯುತ್ತದೆ ಅಂದರೂ ಶಿಕ್ಷೆಯ ಪ್ರಮಾಣದಲ್ಲಿ ಕೋರ್ಟಿಗೆ ಕೈಯಾಡಿಸುವ ಜಾಗ ಇದೆ.

ಹಸ್ತಾಂತರ ಬೇರೆ, ಗಡೀಪಾರು ಬೇರೆ

ಒಂದು ದೇಶ 'ನಮ್ಮಲ್ಲಿ ಕೇಸಿರುವ ಈ ವ್ಯಕ್ತಿಯನ್ನು ಕೊಡಿ' ಅಂತ ಕೇಳಿ, ಇನ್ನೊಂದು ದೇಶ ತನ್ನ ಕಾನೂನಿನ ಪ್ರಕಾರ ಪರಿಶೀಲಿಸಿ ಒಪ್ಪಿಸುವುದು ಹಸ್ತಾಂತರ. ವೀಸಾ ಮುಗಿದಿದೆ, ದಾಖಲೆ ಸರಿ ಇಲ್ಲ, ನಮ್ಮಲ್ಲಿ ಇರಬೇಡ ಅಂತ ಹೊರಗೆ ಕಳುಹಿಸುವುದು ಗಡೀಪಾರು. ಗಲ್ಫ್‌ನಲ್ಲಿ ಶಿಕ್ಷೆ ಮುಗಿಸಿ ವಿಮಾನ ಹತ್ತುವ ನಮ್ಮೂರಿನವರದ್ದು ಹೆಚ್ಚಾಗಿ ಗಡೀಪಾರು. ಅದರಲ್ಲಿ ಭಾರತ ಕೇಳಿದ್ದೂ ಇಲ್ಲ, ಷರತ್ತೂ ಇಲ್ಲ.

ಹಸ್ತಾಂತರಕ್ಕೆ ನಮ್ಮಲ್ಲಿ 1962ರ ಕಾಯ್ದೆ ಇದೆ. ಬೇರೆ ದೇಶ ನಮ್ಮಿಂದ ಒಬ್ಬರನ್ನು ಕೇಳಿದರೆ ಕೇಂದ್ರ ಸರಕಾರ ಅದನ್ನು ಮ್ಯಾಜಿಸ್ಟ್ರೇಟರ ಮುಂದೆ ಇಡುತ್ತದೆ. ಅವರು ತಪ್ಪಿತಸ್ಥನೋ ಅಲ್ಲವೋ ಅಂತ ನೋಡುವುದಿಲ್ಲ. ಮೇಲ್ನೋಟಕ್ಕೆ ಕೇಸಿದೆಯಾ ಅಂತ ಮಾತ್ರ ನೋಡುತ್ತಾರೆ. ಕೊನೆಯ ಮಾತು ಕೇಂದ್ರ ಸರಕಾರದ್ದು. ರಾಜಕೀಯ ಸ್ವರೂಪದ ಅಪರಾಧವಾದರೆ ಕೊಡುವ ಹಾಗಿಲ್ಲ.

ಎರಡೂ ಕಡೆ ಅಪರಾಧವಾಗಿರಬೇಕು ಎನ್ನುವುದು ಹಸ್ತಾಂತರದ ಮೊದಲ ಮೆಟ್ಟಿಲು. ಒಂದು ದೇಶದಲ್ಲಿ ಮದ್ಯ ಕುಡಿಯುವುದೇ ಅಪರಾಧ, ಇನ್ನೊಂದರಲ್ಲಿ ಅಲ್ಲ ಅಂದರೆ ಅದಕ್ಕಾಗಿ ಯಾರನ್ನೂ ಒಪ್ಪಿಸುವುದಿಲ್ಲ. ಹೆಸರು ಬೇರೆ ಇದ್ದರೆ ಪರವಾಗಿಲ್ಲ, ಒಳಗಿನ ವಿಷಯ ಒಂದೇ ಆಗಿರಬೇಕು.

ನಾವು ಕೇಳುವಾಗ ಕಾಗದ ಉಲ್ಟಾ ದಾರಿಯಲ್ಲಿ ಹೋಗಬೇಕು. ಠಾಣೆಯ ಕಡತ ರಾಜ್ಯ ಗೃಹ ಇಲಾಖೆಗೆ, ಅಲ್ಲಿಂದ ಕೇಂದ್ರಕ್ಕೆ, ವಿದೇಶಾಂಗ ಸಚಿವಾಲಯದ ಮೂಲಕ ಆ ದೇಶಕ್ಕೆ. ಸೆನೆಗಲ್‌ನ ಅಧಿಕೃತ ಭಾಷೆ ಫ್ರೆಂಚ್. ಅಲ್ಲಿನ ಕಾನೂನು ಫ್ರಾನ್ಸ್‌ನ ಸಂಹಿತೆಗಳ ಜಾಡಿನದ್ದು. ಕನ್ನಡದಲ್ಲಿ ಬರೆದ ಎಫ್‌ಐಆರ್, ಪಂಚನಾಮೆ, ಸಾಕ್ಷಿ ಹೇಳಿಕೆ ಫ್ರೆಂಚ್‌ನಲ್ಲಿ ಕೇಸು ನಡೆಸುವ ಅಲ್ಲಿನ ನ್ಯಾಯಾಧೀಶರ ಮುಂದೆ ಅರ್ಥವಾಗುವ ಹಾಗೆ ನಿಲ್ಲಬೇಕು. ರವಿ ಪೂಜಾರಿ 2019ರ ಜನವರಿಯಲ್ಲಿ ಸಿಕ್ಕಿ, ಇಲ್ಲಿಗೆ ಬಂದದ್ದು 2020ರ ಫೆಬ್ರವರಿಯಲ್ಲಿ. ಹಸ್ತಾಂತರದ ಲೆಕ್ಕದಲ್ಲಿ ಅದು ಬೇಗ ಆದದ್ದೇ.

ಟಿವಿಯವರು ಎತ್ತಿ ಹಿಡಿಯುವ ಇಂಟರ್‌ಪೋಲ್ ರೆಡ್ ನೋಟಿಸ್ ಬಂಧನದ ವಾರಂಟ್ ಅಲ್ಲ. 'ಇವನನ್ನು ಹುಡುಕಿ, ಹಸ್ತಾಂತರದವರೆಗೆ ಹಿಡಿದಿಡಿ' ಎನ್ನುವ ವಿನಂತಿ ಅಷ್ಟೇ. ಹಿಡಿಯಬೇಕೋ ಬೇಡವೋ ಆಯಾ ದೇಶದ ಕಾನೂನು ಹೇಳುತ್ತದೆ.

ರಾಣಾ ಹೇಗೆ ಬಂದ

ಈಗ ಮೊದಲಿನ ಪ್ರಶ್ನೆಗೆ. ರಾಣಾ ಪಾಕಿಸ್ತಾನ ಮೂಲದ ಕೆನಡಾ ಪ್ರಜೆ. ಷಿಕಾಗೋದಲ್ಲಿ ವಲಸೆ ಸೇವೆಯ ಕಂಪನಿ ನಡೆಸುತ್ತಿದ್ದ. ಅವನ ಗೆಳೆಯ ಡೇವಿಡ್ ಹೆಡ್ಲಿ ಅದೇ ಕಂಪನಿಯ ಹೆಸರಿನಲ್ಲಿ ಮುಂಬೈಯಲ್ಲಿ ಓಡಾಡಿ ದಾಳಿಯ ಜಾಗಗಳನ್ನು ನೋಡಿಟ್ಟ. 2011ರಲ್ಲಿ ಜ್ಯೂರಿ ರಾಣಾನನ್ನು ಮುಂಬೈ ದಾಳಿಯ ಆರೋಪದಿಂದ ಬಿಟ್ಟಿತು. ಲಷ್ಕರ್-ಎ-ತಯ್ಬಾಕ್ಕೆ ನೆರವು ಮತ್ತು ಡೆನ್ಮಾರ್ಕ್ ಪತ್ರಿಕೆಯೊಂದರ ಮೇಲಿನ ದಾಳಿ ಸಂಚಿನಲ್ಲಿ ತಪ್ಪಿತಸ್ಥ ಅಂದಿತು. 2013ರಲ್ಲಿ 14 ವರ್ಷ ಶಿಕ್ಷೆಯಾಯಿತು. 2020ರಲ್ಲಿ ಆರೋಗ್ಯದ ಕಾರಣಕ್ಕೆ ಬಿಡುಗಡೆಯ ಆದೇಶವಾಯಿತು, ಭಾರತದ ಕೋರಿಕೆಯ ಮೇಲೆ ಕೂಡಲೇ ಮತ್ತೆ ಬಂಧಿಸಿದರು.

ಭಾರತ ಮತ್ತು ಅಮೆರಿಕ 1997ರಲ್ಲಿ ಸಹಿ ಹಾಕಿದ ಒಪ್ಪಂದದ 6ನೇ ವಿಧಿಯಲ್ಲಿ ಒಂದು ತಡೆ ಇದೆ. ಯಾವ ಅಪರಾಧಕ್ಕೆ ಹಸ್ತಾಂತರ ಕೇಳಿದ್ದಾರೋ ಅದೇ ಅಪರಾಧದಲ್ಲಿ ಕೊಡಬೇಕಾದ ದೇಶದ ಕೋರ್ಟು ಆಗಲೇ ಶಿಕ್ಷಿಸಿದ್ದರೆ ಅಥವಾ ಬಿಟ್ಟಿದ್ದರೆ ಒಪ್ಪಿಸುವಂತಿಲ್ಲ. ರಾಣಾನ ವಕೀಲರು ಇದನ್ನೇ ಹಿಡಿದರು. ಅಲ್ಲಿ ವಿಚಾರಣೆಯಾದದ್ದೂ ಮುಂಬೈ ದಾಳಿಗೆ ನೆರವು, ಇಲ್ಲಿ ಕೇಳುತ್ತಿರುವುದೂ ಅದಕ್ಕೇ, ನಡತೆ ಒಂದೇ ಅಂದರು.

2024ರ ಆಗಸ್ಟಿನಲ್ಲಿ ಅಮೆರಿಕದ ಒಂಬತ್ತನೇ ಸರ್ಕಿಟ್ ಮೇಲ್ಮನವಿ ಕೋರ್ಟು ಒಪ್ಪಂದದ ಪದವನ್ನು ನೋಡಿತು. ಅಲ್ಲಿರುವುದು 'ಅಪರಾಧ', 'ಕೃತ್ಯ' ಅಲ್ಲ. ಕೆಲವು ಒಪ್ಪಂದಗಳಲ್ಲಿ 'ಅದೇ ಕೃತ್ಯ' ಅಂತಲೇ ಬರೆದಿರುತ್ತಾರೆ, ಇದರಲ್ಲಿ ಹಾಗೆ ಬರೆದಿಲ್ಲ. ಹಾಗಾಗಿ ಅಂಶಗಳ ಹೋಲಿಕೆ. ಭಾರತದ ಆರೋಪಗಳಲ್ಲಿ ಯುದ್ಧ ಸಾರುವ ಸಂಚು, ಕೊಲೆ, ವಂಚನೆಗಾಗಿ ನಕಲಿ ದಾಖಲೆ ಮುಂತಾದವು ಇದ್ದವು. ಅವುಗಳ ಅಂಶಗಳು ಷಿಕಾಗೋದ ಆರೋಪಗಳಿಂದ ಬೇರೆ. ತಡೆ ಅನ್ವಯಿಸಲಿಲ್ಲ. 2025ರ ಜನವರಿ 21ರಂದು ಅಮೆರಿಕದ ಸುಪ್ರೀಂ ಕೋರ್ಟು ಕೇಸು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಒಪ್ಪಂದ ಬರೆದವರು ಆ ಒಂದು ಪದದ ಬದಲು ಇನ್ನೊಂದನ್ನು ಹಾಕಿದ್ದರೆ ಕಥೆ ಬೇರೆಯೇ ಆಗುತ್ತಿತ್ತೋ ಏನೋ.

ಹಾಗಾದರೆ ಹೆಡ್ಲಿ ಯಾಕೆ ಬರಲಿಲ್ಲ? ಅವನು ತಪ್ಪೊಪ್ಪಿಕೊಂಡು ಅಮೆರಿಕ ಸರಕಾರದ ಜೊತೆ ಒಪ್ಪಂದ ಮಾಡಿಕೊಂಡ. ಭಾರತಕ್ಕೆ ಕೊಡುವುದಿಲ್ಲ ಎನ್ನುವುದು ಅದರ ಒಂದು ಷರತ್ತು. ಅವನಿಗೆ ಅಲ್ಲೇ 35 ವರ್ಷ. ಇದು ಡಬಲ್ ಜೆಪರ್ಡಿ ಅಲ್ಲ ಮಾರಾಯ್ರೆ, ಚೌಕಾಸಿ.

ಕೊಡುವವರ ಷರತ್ತು

ಒಪ್ಪಿಸಿದ ಮೇಲೆ ಮನಸ್ಸಿಗೆ ಬಂದ ಕೇಸು ಹಾಕುವಂತಿಲ್ಲ. ಯಾವ ಅಪರಾಧ ಹೇಳಿ ಕೇಳಿದ್ದೆವೋ ಅದಕ್ಕೆ, ಇಲ್ಲವೇ ಅದೇ ಸಂಗತಿಗಳಿಂದ ತೋರುವ ಕಡಿಮೆ ಅಪರಾಧಕ್ಕೆ ಮಾತ್ರ ವಿಚಾರಣೆ. ಬೇರೆ ಬೇಕಿದ್ದರೆ ಕೊಟ್ಟ ದೇಶದ ಒಪ್ಪಿಗೆ ಬೇಕು. ನಮ್ಮ ಹಸ್ತಾಂತರ ಕಾಯ್ದೆಯ 21ನೇ ಸೆಕ್ಷನ್ ಇದನ್ನೇ ಹೇಳುತ್ತದೆ.

ಶಿಕ್ಷೆಗೂ ಷರತ್ತು ಬರುತ್ತದೆ. ಪೋರ್ಚುಗಲ್‌ನಲ್ಲಿ ಮರಣದಂಡನೆ ಇಲ್ಲ, ಜೀವಾವಧಿಯೂ ಇಲ್ಲ. ಅಬು ಸಲೇಂನನ್ನು 2005ರಲ್ಲಿ ಕೊಡುವ ಮೊದಲು ಭಾರತ ಸರಕಾರ ಗಲ್ಲಿಗೆ ಹಾಕುವುದಿಲ್ಲ, 25 ವರ್ಷಕ್ಕಿಂತ ಹೆಚ್ಚು ಇಡುವುದಿಲ್ಲ ಅಂತ ಮಾತು ಕೊಟ್ಟಿತ್ತು. 1993ರ ಮುಂಬೈ ಸ್ಫೋಟದ ಕೇಸಿನಲ್ಲಿ ಅವನಿಗೆ ಜೀವಾವಧಿಯಾಯಿತು. ಆದರೂ ಕೊಟ್ಟ ಮಾತಿಗೆ ಸರಕಾರ ಬದ್ಧ, 25 ವರ್ಷ ತುಂಬಿದಾಗ ಬಿಡುಗಡೆಗೆ ಕ್ರಮ ಕೈಗೊಳ್ಳಬೇಕು ಅಂತ ಸುಪ್ರೀಂ ಕೋರ್ಟು 2022ರ ಜುಲೈಯಲ್ಲಿ ಹೇಳಿತು.

ಕೊಡದೇ ಇರುವುದೂ ಉಂಟು. 1995ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ವಿಮಾನದಿಂದ ಶಸ್ತ್ರಾಸ್ತ್ರ ಬೀಳಿಸಿದ ಕೇಸಿನ ಕಿಮ್ ಡೇವಿಯನ್ನು ಡೆನ್ಮಾರ್ಕ್ ಕೋರ್ಟು 2011ರಲ್ಲಿ ಕೊಡಲಿಲ್ಲ, 2024ರಲ್ಲಿಯೂ ಕೊಡಲಿಲ್ಲ. ಭಾರತದಲ್ಲಿ ಹಿಂಸೆಗೆ ಗುರಿಯಾಗುವ ಅಪಾಯ ಇದೆ ಎನ್ನುವುದು ಕಾರಣ.

ದೇಶಕ್ಕೊಂದು ಪದ್ಧತಿ

ಅಮೆರಿಕದಲ್ಲಿ ಜ್ಯೂರಿ ಬಿಟ್ಟರೆ ಸರಕಾರ ಮೇಲ್ಮನವಿ ಹಾಕುವಂತಿಲ್ಲ, ಮುಗಿಯಿತು. ಇಟಲಿಯಲ್ಲಿ ಹಾಕಬಹುದು. ಅಮೆರಿಕದ ಅಮಾಂಡಾ ನಾಕ್ಸ್‌ಗೆ ಇಟಲಿಯಲ್ಲಿ 2009ರಲ್ಲಿ ಕೊಲೆ ಕೇಸಿನಲ್ಲಿ ಶಿಕ್ಷೆಯಾಯಿತು. 2011ರಲ್ಲಿ ಖುಲಾಸೆ, 2013ರಲ್ಲಿ ಆ ಖುಲಾಸೆ ರದ್ದು, 2014ರಲ್ಲಿ ಮತ್ತೆ ಶಿಕ್ಷೆ, 2015ರಲ್ಲಿ ಕೊನೆಯ ಖುಲಾಸೆ. ಅಮೆರಿಕದವರಿಗೆ ಇದು ಎರಡೆರಡು ಸಲ ವಿಚಾರಣೆ ಅನ್ನಿಸಿತು. ಇಟಲಿಯವರಿಗೆ ಒಂದೇ ಕೇಸು ಇನ್ನೂ ಮುಗಿದಿರಲಿಲ್ಲ, ಅಷ್ಟೇ. ನಮ್ಮ ಪದ್ಧತಿಯಲ್ಲೂ ಮೇಲ್ಮನವಿ ಇರುವುದರಿಂದ ನಮಗೆ ಇಟಲಿಯ ಲೆಕ್ಕ ಬೇಗ ಅರ್ಥವಾಗುತ್ತದೆ. ಬ್ರಿಟನ್ 2003ರ ಕಾಯ್ದೆಯ ಮೂಲಕ, ಕೊಲೆಯಂಥ ಗಂಭೀರ ಅಪರಾಧಗಳಲ್ಲಿ ಬಲವಾದ ಹೊಸ ಸಾಕ್ಷ್ಯ ಸಿಕ್ಕಿದರೆ ಖುಲಾಸೆಯಾದವರನ್ನೂ ಮತ್ತೆ ವಿಚಾರಿಸಬಹುದು ಅಂತ ಮಾಡಿಕೊಂಡಿದೆ.

ಜಗತ್ತಿಗೆಲ್ಲ ಒಂದೇ ನಿಯಮ ಇಲ್ಲವಾ? ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯ 14(7)ನೇ ವಿಧಿ ಎರಡನೇ ಶಿಕ್ಷೆಯನ್ನು ತಡೆಯುತ್ತದೆ. ಆದರೆ ಅದು ಒಂದೇ ದೇಶದ ಒಳಗೆ ಮಾತ್ರ ಅಂತ ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿ ಹೇಳಿದೆ. ಯುರೋಪಿನ ಷೆಂಗೆನ್ ದೇಶಗಳು (ತಮ್ಮ ನಡುವೆ ಗಡಿ ತಪಾಸಣೆ ತೆಗೆದುಹಾಕಿದ ದೇಶಗಳ ಗುಂಪು) ತಮ್ಮೊಳಗೆ ಗಡಿ ದಾಟಿಯೂ ಈ ರಕ್ಷಣೆ ಕೊಟ್ಟುಕೊಂಡಿವೆ. ನಮಗೂ ಗಲ್ಫ್ ದೇಶಗಳಿಗೂ ನಡುವೆ ಅಂಥ ಒಟ್ಟು ವ್ಯವಸ್ಥೆ ಇಲ್ಲ.

'ಊರು ಸೇರಿದರೆ ಮುಗಿಯಿತು' ಎನ್ನುವ ನಂಬಿಕೆ

ಯುಎಇ, ಸೌದಿ, ಕುವೈತ್, ಒಮಾನ್, ಬಹ್ರೇನ್ ಜೊತೆ ಭಾರತಕ್ಕೆ ಹಸ್ತಾಂತರ ಒಪ್ಪಂದ ಇದೆ. ಯುಎಇ ಜೊತೆಗಿನದ್ದು 1999ರದ್ದು. ಅದರ ಪ್ರಕಾರ ಎರಡೂ ದೇಶಗಳು ತಮ್ಮ ಪ್ರಜೆಗಳನ್ನು ಒಪ್ಪಿಸುವುದಿಲ್ಲ. ಕಾಪುವಿನ ಒಬ್ಬ ಹುಡುಗ ದುಬೈಯ ಅಂಗಡಿಯ ಹಣ ಹೊಡೆದು ಬಂದ ಅಂತ ಇಟ್ಟುಕೊಳ್ಳಿ. ಅವನನ್ನು ದುಬೈಗೆ ಕೊಡುವುದಿಲ್ಲ. ಹಾಗಂತ ಆರಾಮ ಅಲ್ಲ. ಅದೇ ಒಪ್ಪಂದ, ಎರಡೂ ಕಡೆ ಅಪರಾಧವಾಗುವಂಥದ್ದಾದರೆ ತನ್ನ ಪ್ರಜೆಯ ಕೇಸನ್ನು ಸ್ವಂತ ದೇಶವೇ ವಿಚಾರಣೆಗೆ ಒಪ್ಪಿಸಬೇಕು ಅನ್ನುತ್ತದೆ. ವಿದೇಶದಲ್ಲಿ ಭಾರತೀಯ ಮಾಡಿದ ಅಪರಾಧವನ್ನು ಇಲ್ಲಿ ವಿಚಾರಿಸುವ ಅಧಿಕಾರ ನಾಗರಿಕ ಸುರಕ್ಷಾ ಸಂಹಿತೆಯ 208ನೇ ಸೆಕ್ಷನ್‌ನಲ್ಲಿ ಇದೆ. ವಿಚಾರಣೆಗೆ ಕೇಂದ್ರ ಸರಕಾರದ ಅನುಮತಿ ಬೇಕು. ಅಮೆರಿಕದ ಒಪ್ಪಂದದಲ್ಲಿ ಈ ವಿನಾಯಿತಿಯೂ ಇಲ್ಲ. ಸ್ವಂತ ಪ್ರಜೆ ಅಂತ ಕಾರಣ ಹೇಳಿ ನಿರಾಕರಿಸುವಂತಿಲ್ಲ.

ಸಾಲದ ವಿಷಯ ಬೇರೆ. ಬ್ಯಾಂಕ್ ಸಾಲ ಕಟ್ಟದಿರುವುದು ಮೂಲತಃ ಸಿವಿಲ್ ವಿಷಯ, ಹಸ್ತಾಂತರ ಅದಕ್ಕೆ ಬರುವುದಿಲ್ಲ. ಖಾತೆಯಲ್ಲಿ ಹಣ ಇಲ್ಲದೆ ಚೆಕ್ ವಾಪಸಾದರೆ ಅದಷ್ಟರಿಂದಲೇ ಅಪರಾಧ ಎನ್ನುವುದನ್ನು ಯುಎಇ 2022ರ ಜನವರಿ 2ರಿಂದ ಕೈಬಿಟ್ಟಿದೆ. ಮೋಸದ ಉದ್ದೇಶ ಇದ್ದರೆ ಈಗಲೂ ಕೇಸಾಗುತ್ತದೆ. ಆದರೆ 2020ರ ಜನವರಿಯಿಂದ ಯುಎಇ ಕೋರ್ಟುಗಳ ಸಿವಿಲ್ ಡಿಕ್ರಿಯನ್ನು, ಅಂದರೆ ಸಿವಿಲ್ ಕೇಸಿನ ತೀರ್ಪಿನ ಆದೇಶವನ್ನು, ನಮ್ಮ ಜಿಲ್ಲಾ ಕೋರ್ಟಿನಲ್ಲಿ ನೇರವಾಗಿ ಜಾರಿ ಮಾಡಿಸಬಹುದು. ದುಬೈ ಬ್ಯಾಂಕಿನ ಡಿಕ್ರಿ ಹಿಡಿದು ಉಡುಪಿಯ ಜಾಗದ ಮೇಲೆ ಜಪ್ತಿಗೆ ಬರುವುದು ಈಗ ಕಾನೂನಿನಲ್ಲಿ ಸಾಧ್ಯ. ಇದು ಗೊತ್ತಿಲ್ಲದೆ ಸುಮ್ನೆ ಕೂತವರು ಜಾಸ್ತಿ.

ಶಿಕ್ಷೆ ಮುಗಿಸಿ ಬಂದವರಿಗೆ

ದುಬೈಯಲ್ಲಿ ವಿಚಾರಣೆಯಾಗಿ, ಜೈಲು ಮುಗಿಸಿ ಗಡೀಪಾರಾಗಿ ಬಂದವರನ್ನು ಅದೇ ಅಪರಾಧಕ್ಕೆ ಇಲ್ಲಿ ಮತ್ತೆ ಎಳೆಯಬಹುದಾ? ನಮ್ಮ 20(2)ನೇ ವಿಧಿಯಲ್ಲಿ 'ಭಾರತದ ಕೋರ್ಟು' ಅಂತ ಬರೆದಿಲ್ಲ. ಹಾಗಾಗಿ ಆ ವಾದವನ್ನು ಎತ್ತಬಹುದು. ಮೋನಿಕಾ ಬೇಡಿ ಕೇಸಿನಲ್ಲಿ ಎತ್ತಿದ್ದೂ ಅದನ್ನೇ. ಅಂಶಗಳು ಒಂದೇ ಆಗಿದ್ದರೆ ವಾದಕ್ಕೆ ಬಲ. ಕೇಂದ್ರದ ಅನುಮತಿ ಎನ್ನುವ ಜರಡಿಯೂ ನಡುವೆ ಇದೆ. ಆದರೆ ಆ ಹಣ ಹವಾಲಾದಲ್ಲಿ ಊರಿಗೆ ಬಂದಿದ್ದರೆ, ಪಾಸ್‌ಪೋರ್ಟ್ ನಕಲಿಯಾಗಿದ್ದರೆ, ಊರಲ್ಲೇ ಕೂತು ಸಂಚು ಮಾಡಿದ್ದರೆ ಅವು ಬೇರೆ ಅಪರಾಧಗಳು. ಅವಕ್ಕೆ ಇಲ್ಲಿ ಕೇಸು ಬೀಳಬಹುದು.

ಇನ್ನೂ ಅಲ್ಲೇ ಜೈಲಿನಲ್ಲಿ ಇರುವವರಿಗೆ ಇನ್ನೊಂದು ದಾರಿ ಇದೆ. 2003ರ ಕೈದಿಗಳ ವಾಪಸಾತಿ ಕಾಯ್ದೆ ಮತ್ತು ಯುಎಇ ಜೊತೆ 2011ರಲ್ಲಿ ಮಾಡಿಕೊಂಡ ಒಪ್ಪಂದದಡಿ ಉಳಿದ ಶಿಕ್ಷೆಯನ್ನು ಭಾರತದ ಜೈಲಿನಲ್ಲಿ ಕಳೆಯಲು ಕೇಳಿಕೊಳ್ಳಬಹುದು. ತೀರ್ಪು ಅಂತಿಮವಾಗಿರಬೇಕು, ಕೈದಿಯೂ ಎರಡು ಸರಕಾರಗಳೂ ಒಪ್ಪಬೇಕು. ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ಶಿಕ್ಷೆ ಬಾಕಿ ಇರಬೇಕು ಎಂದಿರುತ್ತದೆ. ಇಲ್ಲಿಗೆ ಬಂದ ಮೇಲೆ ಹೊಸ ವಿಚಾರಣೆ ಇಲ್ಲ.

ಎರಡೂ ಸಂದರ್ಭದಲ್ಲಿ ಕೈಯಲ್ಲಿ ಇರಬೇಕಾದದ್ದು ಕಾಗದ. 'ನನಗೆ ಅಲ್ಲಿ ಶಿಕ್ಷೆಯಾಗಿದೆ' ಅಂತ ಬಾಯಲ್ಲಿ ಹೇಳಿದರೆ ಇಲ್ಲಿನ ಕೋರ್ಟು ಕೇಳುವುದಿಲ್ಲ, ಹೇಳಿದವರೇ ತೋರಿಸಬೇಕು. ಅಲ್ಲಿನ ತೀರ್ಪು ಇರುವುದು ಅರಬಿಯಲ್ಲಿ. ಬಿಡುಗಡೆಯ ಹೊತ್ತಿಗೆ ಊರಿಗೆ ಹೋಗುವ ಅವಸರದಲ್ಲಿ ಅದನ್ನು ಯಾರೂ ಕೇಳಿ ಪಡೆಯುವುದಿಲ್ಲ. ತೀರ್ಪಿನ ದೃಢೀಕೃತ ಪ್ರತಿ, ಆರೋಪಗಳು ಯಾವ ಕಾನೂನಿನ ಯಾವ ಕಲಮಿನಡಿ ಇದ್ದವು ಎನ್ನುವ ವಿವರ, ಬಿಡುಗಡೆಯ ಪತ್ರ, ಇವಿಷ್ಟನ್ನು ಅಲ್ಲಿರುವಾಗಲೇ ತೆಗೆದಿಡುವುದು ಒಳ್ಳೆಯದು. ಬಂದುಬಿಟ್ಟಿದ್ದರೆ ಅಲ್ಲಿನ ವಕೀಲರೊಬ್ಬರಿಗೆ ಅಧಿಕಾರ ಪತ್ರ ಕೊಟ್ಟು ತರಿಸಿ, ದೃಢೀಕೃತ ಅನುವಾದ ಮಾಡಿಸಿಕೊಳ್ಳಬಹುದು.